20 ವಾರದ ಬಸುರಿ, ಈಜು ಮತ್ತ ಶುರು ಮಾಡಬೌದಾ? ಎಷ್ಟು ಹೊತ್ತು, ಯಾವ ಸ್ಟ್ರೋಕ್?

ಬಳ್ಳಾರಿ ಸೊಸಿ:
ಅಕ್ಕಾರ, ನಂಗೀಗ 20 ವಾರ, ಚೊಚ್ಚಲು. ಸ್ಕ್ಯಾನಿಂಗ್ ನಾರ್ಮಲ್ ಐತಿ, ಬಿಪಿ ಸರಿ ಐತಿ, ಹಿಮೋಗ್ಲೋಬಿನ್ 10.4. ಈಜು ಮೊದಲಿಂದ ಬರ್ತೈತಿ, ವಾಂತಿ ಕಾಟಕ್ಕ ನಾಕು ತಿಂಗಳು ಬಿಟ್ಟಿದ್ದೆ. ಡಾಕ್ಟರ್ "ಹಗುರಕ ಮಾಡು" ಅಂದಾರ. ಹಗುರಕ ಅಂದ್ರ ಎಷ್ಟು? ಹೆಣ್ಮಕ್ಕಳ ಬ್ಯಾಚ್ ಬೆಳಿಗ್ಗೆ 6:30ಕ್ಕ ಒಂದು, ಸಂಜಿ 4ಕ್ಕ ಒಂದೈತಿ. ಬ್ರೆಸ್ಟ್‌ಸ್ಟ್ರೋಕ್ ಹೊಡದ್ರ ಹೊಟ್ಟಿ ಕೆಳಗ ಮುಂದಿನ ಎಲುಬಿನ್ಯಾಗ ಚುಚ್ಚತೈತಿ. ಈಜಾಡಿದ್ರ ಹೊಕ್ಕಳಬಳ್ಳಿ ಕೂಸಿನ ಕೊಳ್ಳಿಗೆ ಸುತ್ತತೈತಿ ಅಂತ ನಮ್ಮ ಅತ್ತಿಯವರಿಗೆ ಚಿಂತಿ.

ಈಜು ಟೀಚರ್, ರಾಯಚೂರು:
ಬೆಳಗಿನ ಬ್ಯಾಚಿಗೇ ಹೋಗ್ರಿ ತಂಗಿ, ಎರಡನೇ ಮಾತಿಲ್ಲ. ಬ್ಯಾಸಗಿಯಾಗ ನಮ್ಮ ಕಡಿ ಬಿಸಿಲು 40 ಡಿಗ್ರಿ ದಾಟ್ತದ. ಚಾವಣಿ ಇಲ್ಲದ ಪೂಲಿನ ನೀರು ಮಧ್ಯಾಹ್ನ ಪೂರ್ತಿ ಕಾದು, ಸಂಜಿ 4ಕ್ಕೂ ಬೆಚ್ಚಗೇ ಇರ್ತದ. ನೀರು 32 ಡಿಗ್ರಿ ಮೀರಿದ್ರ ಅವತ್ತು ಈಜು ಬ್ಯಾಡ, ಮೈಯಾಗಿನ ಕಾವು ಹೊರಗ ಹೋಗಂಗಿಲ್ಲ. ಮೀನಿನ ತೊಟ್ಟಿಗೆ ಹಾಕೋ ಥರ್ಮಾಮೀಟರ್ ಒಂದು ಬ್ಯಾಗಿನಾಗ ಇಟ್ಗೊಳ್ರಿ, ಇಳಿಯೂಕಿಂತ ಮೊದಲ ಮೊಣಕೈ ಆಳದಾಗ ಹಿಡದು ನೋಡ್ರಿ.

ಹಗುರಕ ಅಂದ್ರ, ಗ್ವಾಡಿ ಹಿಡಕೊಂಡು ನಿಂತಾಗ ಪಕ್ಕದಾಕಿ ಜೋಡಿ ಏದುಸಿರಿಲ್ಲದ ಮಾತಾಡಾಕ ಬರಬೇಕು. ಒಂದೊಂದು ಶಬ್ದಕ್ಕ ದಮ್ಮು ಹತ್ತಿದ್ರ ಜಾಸ್ತಿ ಆತು. ನಾಡಿ ಎಣಿಸೋ ಲೆಕ್ಕ ಬಿಡ್ರಿ, ಎದಿ ಮಟ ನೀರಾಗ ನಾಡಿ ನೆಲದ ಮ್ಯಾಲಿಗಿಂತ ನಿಧಾನ ಬಡೀತದ. ನೀರಾಗ ಬೆವರೂ ಕಾಣಂಗಿಲ್ಲ, ಹಿಂಗಾಗಿ ದಣಿವು, ನೀರಡಿಕಿ ಎರಡೂ ತಡಾ ಆಗಿ ಗೊತ್ತಾಗ್ತಾವ. ಬಾಟಲಿ ದಂಡಿ ಮ್ಯಾಲೇ ಇರ್ಲಿ.

ಮೊದಲ ವಾರ 15 ನಿಮಿಷ. ವಾರಕ್ಕ 5 ನಿಮಿಷದಂಗ ಏರಿಸಿ 30ಕ್ಕ ನಿಲ್ಲಸ್ರಿ. ವಾರದಾಗ 5 ದಿನ ಆದ್ರ 150 ನಿಮಿಷ, ಬೇಕಾದಷ್ಟಾತು. ಮೊದಲು ಎದಿ ಮಟ ನೀರಾಗ 5 ನಿಮಿಷ ನಡೀರಿ. ಆಮ್ಯಾಲ 25 ಮೀಟರ್ ಈಜಿ ಅರ್ಧ ನಿಮಿಷ ಸುಧಾರಿಸಿಕೊಂಡು ಮತ್ತ 25. ಡೈವ್, ಬಟರ್‌ಫ್ಲೈ, ಉಸಿರು ಬಿಗಿಹಿಡದು ಮುಳುಗೂದು ಬ್ಯಾಡ. ಕಿಕ್ ಬೋರ್ಡೂ (ಕೈಯಾಗ ಹಿಡಿಯೋ ತೇಲು ಹಲಗಿ) ಬ್ಯಾಡ ಅಂತೀನಿ: ಮುಂದ ಚಾಚಿ ಹಿಡದ್ರ ಎದಿ ಏರಿ ಹೊಟ್ಟಿ ಜೋತು ಬೀಳ್ತದ, ಮರುದಿನ ನಡಾ ಹಿಡೀತದ. ತಲಿ ಎತ್ತಿಕೊಂಡು ಈಜೋರಿಗೂ ಇದೇ ಕಾಟ. ಮುಖ ನೀರಾಗಿಟ್ಟು ಉಸಿರು ಬಿಡ್ರಿ. ಮೀನಖಂಡ ಹಿಡಕೊಂಡ್ರ ಗ್ವಾಡಿಗೆ ಬಂದು, ಕಾಲ್ಬೆರಳು ಮೊಣಕಾಲಿನ ಕಡಿ ಎಳ್ಕೊಳ್ರಿ.

ಹೊಟ್ಟಿಗೆ ಒಂದು ತಾಸು ಮುಂಚೆ ಬಾಳೆಹಣ್ಣೋ ಅರ್ಧ ರೊಟ್ಟಿನೋ ಸಾಕು. ಒಗ್ಗರಣಿ-ಮಿರ್ಚಿ ತಿಂದು ಅಡ್ಡ ಬಿದ್ದು ಈಜಿದ್ರ ಎದಿ ಉರೀತದ.

ಸಿಸ್ಟರ್, ಕೊಪ್ಪಳ:
ಎಲುಬು ಚುಚ್ಚುವುದನ್ನು ಸಹಿಸಿಕೊಂಡು ಈಜಬೇಡಿ. ಬಸುರಿನಲ್ಲಿ ಸೊಂಟದ ಕೀಲುಗಳು ಸಡಿಲವಾಗುತ್ತವೆ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಕಪ್ಪೆಯ ಹಾಗೆ ಕಾಲು ಅಗಲಿಸಿ ಒದ್ದಾಗ ಮುಂದಿನ ಕೀಲು ಎರಡೂ ಕಡೆಗೆ ಎಳೆಯುತ್ತದೆ. ಫ್ರೀಸ್ಟೈಲ್ ಮಾಡಿ, ತೊಡೆ ಕೂಡಿಸಿಟ್ಟು ಸಣ್ಣ ಕಿಕ್ ಹೊಡೆಯಿರಿ. ಅದಕ್ಕೂ ನೋವಾದರೆ ತೊಡೆ ನಡುವೆ ಪುಲ್ ಬಾಯ್ (ಕಾಲು ತೇಲಿಸುವ ಫೋಮ್ ತುಂಡು) ಇಟ್ಟು ಕೈಯಲ್ಲಷ್ಟೇ ಈಜಿ. ಮೇಲೆ ಬರುವಾಗ ಕಬ್ಬಿಣದ ಏಣಿ ಬೇಡ, ಮೆಟ್ಟಿಲ ಕಡೆಯಿಂದ ನಿಧಾನಕ್ಕೆ ಹತ್ತಿ, ಐದು ನಿಮಿಷ ಕೂಡಿ. ನೀರಿನ ಒತ್ತಡ ಬಿಟ್ಟ ಕೂಡಲೇ ರಕ್ತ ಕಾಲಿಗಿಳಿದು ತಲೆ ಸುತ್ತಬಹುದು.

ಬಳ್ಳಿ ಸುತ್ತುವುದು ಕೂಸು ಒಳಗೆ ತಿರುಗಾಡುವುದರಿಂದ, ತಾಯಿ ಕೈ ಬೀಸುವುದರಿಂದಲ್ಲ. ಅತ್ತೆಯವರಿಗೆ ಹೀಗೇ ಹೇಳಿ.

10.4 ಅಂದರೆ ಸ್ವಲ್ಪ ರಕ್ತ ಕಡಿಮೆ, 11 ಇರಬೇಕು. ಈಜಿಗೆ ಅಡ್ಡಿಯಿಲ್ಲ, ಆದರೆ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ಎರಡು ತಾಸು ಅಂತರವಿರಲಿ. 7ಕ್ಕಿಂತ ಕಡಿಮೆ ಇರುವವರು ನೀರಿಗೆ ಇಳಿಯಲೇಬಾರದು. ಮಾಸು ಗರ್ಭದ ಬಾಯಿಗೆ ಅಡ್ಡ ಇರುವವರು, ಗರ್ಭದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಏರಿದವರು, ರಕ್ತ ಹೋಗುತ್ತಿರುವವರು ಡಾಕ್ಟರನ್ನು ಕೇಳದೆ ಪೂಲಿನ ಹತ್ತಿರ ಹೋಗಬೇಡಿ.

ಈಜಿನ ನಂತರ ಬಟ್ಟೆ ಒದ್ದೆಯಾದರೆ ಪೂಲಿನ ನೀರೋ, ಗರ್ಭದ ನೀರೋ ಎಂದು ಹಲವರು ಗಾಬರಿಯಾಗುತ್ತಾರೆ. ಮೈ ಒರೆಸಿ ಒಣ ಬಿಳಿ ಪ್ಯಾಡ್ ಹಾಕಿಕೊಂಡು ಅರ್ಧ ತಾಸು ಮಲಗಿ, ಎದ್ದು ನಿಲ್ಲಿ. ಪೂಲಿನ ನೀರು ಒಂದು ಸಲ ಜಿನುಗಿ ನಿಲ್ಲುತ್ತದೆ. ಪ್ಯಾಡ್ ಮತ್ತೆ ಮತ್ತೆ ನೆನೆದರೆ, ಅಥವಾ ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುತ್ತಿದ್ದರೆ, ತಾಯಿ ಕಾರ್ಡ್ ಹಿಡಿದು ಆಗಲೇ ಆಸ್ಪತ್ರೆಗೆ ನಡೆಯಿರಿ. ರಕ್ತ ಕಂಡರೆ ಕಾಯಲೇಬೇಡಿ.

ಬಳ್ಳಾರಿ ಸೊಸಿ:
ಭಾಳ ಉಪಕಾರ ಆತ್ರಿ. ಪೂಲ್ ಘಾಟ ಹೊಡೀತೈತಿ, ಔಷಧ ಚಲೋ ಹಾಕ್ಯಾರ ಅಂತ ತಿಳೀಬೇಕಾ? ಏಳು ತಿಂಗಳಿಗೆ ತವರಿಗೆ ಸಿಂಧನೂರಿಗೆ ಹೋಗ್ತೀನಿ, ಅಲ್ಲಿ ಎಡದಂಡೆ ಕಾಲುವಿ ಹತ್ರನ ಐತಿ.

ಪೂಲ್ ಮೆಂಟೇನೆನ್ಸ್:
ಘಾಟು ಅಂದರೆ ಔಷಧ ಚೆನ್ನಾಗಿದೆ ಅಂತಲ್ಲ. ಬೆವರು, ಮೂತ್ರ ಸೇರಿ ಕ್ಲೋರಿನ್ ಕೆಟ್ಟಾಗ ಆ ವಾಸನೆ ಬರುತ್ತದೆ, ಕಣ್ಣು ಉರಿಯುವುದೂ ಅದಕ್ಕೇ. ಟೆಸ್ಟ್ ಪಟ್ಟಿ ಅದ್ದಿ ತೋರಿಸಿ ಅಂತ ಕೇಳಿ: ಫ್ರೀ ಕ್ಲೋರಿನ್ (ಕೆಡದೆ ಉಳಿದ ಕ್ಲೋರಿನ್) 1ರಿಂದ 3 ಪಿಪಿಎಂ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8. ಆಳದ ಕಡೆ ತಳದ ಜಾಲರಿ ದಂಡೆಯಿಂದಲೇ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಇಳಿಯಬೇಡಿ.

ಕಾಲುವೆ ಮಾತ್ರ ಖಂಡಿತ ಬೇಡಮ್ಮ. ಒಳಬದಿಯ ಹೊದಿಕೆ (ಲೈನಿಂಗ್) ಇಳಿಜಾರು, ಮೇಲೆ ಪಾಚಿ, ಹಿಡಿಯಲು ಏನೂ ಸಿಗುವುದಿಲ್ಲ. ಸೆಳವು ಕಣ್ಣಿಗೆ ಕಾಣುವುದಿಲ್ಲ, ನೀರೂ ಶುದ್ಧವಿಲ್ಲ. ಸಿಂಧನೂರಿನಲ್ಲಿ ಬಿಸಿಲೇರುವ ಮುಂಚೆ ಅರ್ಧ ತಾಸು ನಡೆಯಿರಿ.