ಹಾಸನದವರಿಗೆ ರೋಡ್ ಬೈಕ್ (ಬಾಗಿದ ಹ್ಯಾಂಡಲಿನ ಸೈಕಲ್): ಫ್ರೇಮ್ ಸೈಜ್ 52 ಸರಿಯೋ, 54 ಸರಿಯೋ? ಫಿಟ್ಟಿಂಗ್ ದುಡ್ಡು ಕೊಟ್ಟು ಮಾಡಿಸಬೇಕಾ?

ಗೊರೂರು ಪೆಡಲ್:

ಎಲ್ಲರಿಗೂ ನಮಸ್ಕಾರ. ಹಾಸನದವನು, ವಯಸ್ಸು 43. ಈಗ ಹೈಬ್ರಿಡ್ ಸೈಕಲ್ (ನೆಟ್ಟನೆ ಹ್ಯಾಂಡಲಿನದು) ಓಡಿಸುತ್ತಿದ್ದೇನೆ. ಬೆಳಿಗ್ಗೆ ಗೊರೂರು ಕಡೆ ಹೋಗಿ ಬರುತ್ತೇನೆ, ಭಾನುವಾರ ಬಿಡುವಿದ್ದರೆ ಹಳೇಬೀಡು ಇಲ್ಲವೇ ಬೇಲೂರು. ಇಷ್ಟಕ್ಕೆ ಹೈಬ್ರಿಡ್ ಸಾಕು, ಒಪ್ಪುತ್ತೇನೆ. ಆದರೆ ಒಂದು 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಮುಗಿಸುವ ಆಸೆ ಇದೆ, ಚಿಕ್ಕಮಗಳೂರಿನ ಸ್ನೇಹಿತರು ಮುಳ್ಳಯ್ಯನಗಿರಿಗೂ ಕರೆಯುತ್ತಿದ್ದಾರೆ. ಮನೆಯವರ ಒಪ್ಪಿಗೆ ಸಿಕ್ಕಿದೆ. ಅವರು ಮನಸ್ಸು ಬದಲಾಯಿಸುವ ಮೊದಲೇ ತಗೊಂಡುಬಿಡಬೇಕು.

ಬಜೆಟ್ ಎಂಬತ್ತರಿಂದ ತೊಂಬತ್ತು ಸಾವಿರ. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ಎತ್ತರ ಎಷ್ಟು ಅಂತ ಕೇಳಿದರು, ಐದು ಅಡಿ ಏಳು ಇಂಚು ಅಂದೆ. ‘ಸರ್, ಕಣ್ಣು ಮುಚ್ಚಿಕೊಂಡು 54 ತಗೊಳ್ಳಿ, ರೇಸ್ ಮಾಡೆಲ್ ಇದೆ, ಡಿಸ್ಕೌಂಟಲ್ಲಿ ಕೊಡುತ್ತೇವೆ, ಉದ್ದ ಅನಿಸಿದರೆ ಚಿಕ್ಕ ಸ್ಟೆಮ್ ಹಾಕಿದರಾಯ್ತು’ ಅಂದರು (ಸ್ಟೆಮ್ ಅಂದರೆ ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು). ನಾನು ನೋಡಿಟ್ಟಿದ್ದು ಬೇರೆ ಕಂಪನಿಯ ಎಂಡ್ಯೂರೆನ್ಸ್ ಬೈಕು (ದೂರದ ಸವಾರಿಗೆ, ಅಷ್ಟು ಬಗ್ಗದೆ ಕೂರುವಂಥದ್ದು), ಅದರ ಚಾರ್ಟ್ ಪ್ರಕಾರ ನನಗೆ 52 ಬರುತ್ತದೆ. ಅದು ಸ್ಟಾಕ್ ಇಲ್ಲ, ಆರ್ಡರ್ ಹಾಕಿ ಕಾಯಬೇಕು.

ಬರಿಗಾಲಲ್ಲಿ ಒಳಗಾಲಿನ ಅಳತೆ 79 ಸೆಂ.ಮೀ. ತೂಕ 74 ಕೆ.ಜಿ. ಇಡೀ ದಿನ ಕುರ್ಚಿ ಮೇಲೆ ಕೂತು ಮಾಡುವ ಕೆಲಸ, ಬೆನ್ನು ಅಷ್ಟೊಂದು ಬಗ್ಗುವುದಿಲ್ಲ. ಯಾವುದು ತಗೊಳ್ಳಲಿ? ದುಡ್ಡು ಕೊಟ್ಟು ಫಿಟ್ ಮಾಡಿಸುವುದು (ಮೈಗೆ ತಕ್ಕ ಹಾಗೆ ಸೀಟ್, ಹ್ಯಾಂಡಲ್ ಹೊಂದಿಸುವುದು) ನಮ್ಮಂಥವರಿಗೆ ಬೇಕಾ, ಸುಮ್ನೆ ಶೋಕಿನಾ?


ತಣ್ಣೀರುಹಳ್ಳ ಸವಾರ:

ಬರೀ ಎತ್ತರ ಕೇಳಿ ಸೈಜ್ ಹೇಳುವುದು ಚಪ್ಪಲಿ ಅಂಗಡಿಯಲ್ಲಿ ವಯಸ್ಸು ಕೇಳಿದ ಹಾಗೆ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನಿಗೆ ಕಾಲು ಉದ್ದ ಇರುತ್ತದೆ, ಇನ್ನೊಬ್ಬನಿಗೆ ಮುಂಡ ಉದ್ದ. ಇಬ್ಬರಿಗೂ ಒಂದೇ ಫ್ರೇಮ್ ಹೇಗೆ ಕೂರುತ್ತದೆ?

52, 54 ಅನ್ನುವ ನಂಬರನ್ನು ಸದ್ಯಕ್ಕೆ ಮರೆತುಬಿಡಿ ಸರ್. ಒಂದು ಕಂಪನಿಯ 52 ಇನ್ನೊಂದು ಕಂಪನಿಯ 54ರಷ್ಟು ಇರಬಹುದು. ಎರಡೂ ಬೈಕುಗಳ ಜ್ಯಾಮಿತಿ ಪಟ್ಟಿ ತೆಗೆದು ಸ್ಟ್ಯಾಕ್ ಮತ್ತು ರೀಚ್ ಅನ್ನುವ ಎರಡು ಸಾಲು ನೋಡಿ. ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) ತಿರುಗುವ ನಡುಬಿಂದುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ಮೇಲ್ತುದಿಗೆ ನೆಟ್ಟಗೆ ಎಷ್ಟು ಎತ್ತರ ಅನ್ನುವುದು ಸ್ಟ್ಯಾಕ್, ಅಡ್ಡಕ್ಕೆ ಎಷ್ಟು ದೂರ ಅನ್ನುವುದು ರೀಚ್. ಹ್ಯಾಂಡಲ್ ನಿಮ್ಮಿಂದ ಎಷ್ಟು ಕೆಳಗೆ, ಎಷ್ಟು ದೂರ ಇರುತ್ತದೆ ಅಂತ ತಿಳಿಯುವುದು ಇವೆರಡರಿಂದ. ರೇಸ್ ಫ್ರೇಮಿಗೂ ಎಂಡ್ಯೂರೆನ್ಸ್ ಫ್ರೇಮಿಗೂ ಒಂದೇ ಸೈಜಲ್ಲಿ ಸ್ಟ್ಯಾಕ್ ಎರಡು ಮೂರು ಸೆಂ.ಮೀ. ಹೆಚ್ಚು ಕಡಿಮೆ ಇರುತ್ತದೆ. ಹಾಗಾಗಿ ಎಂಡ್ಯೂರೆನ್ಸ್ 52ರ ಹ್ಯಾಂಡಲ್ ರೇಸ್ 54ಕ್ಕಿಂತ ಎತ್ತರದಲ್ಲೇ ಇದ್ದರೂ ಆಶ್ಚರ್ಯ ಇಲ್ಲ, ಹತ್ತಿರವಂತೂ ಇರುತ್ತದೆ. ಬಗ್ಗದ ಬೆನ್ನಿಗೆ ಬೇಕಿರುವುದೂ ಅದೇ ಅಲ್ವಾ?

ಈಗ ‘ಚಿಕ್ಕ ಸ್ಟೆಮ್ ಹಾಕಿದರಾಯ್ತು’ ಅನ್ನುವ ಮಾತು. ಅರ್ಧ ನಿಜ. 100 ಮಿ.ಮೀ. ಸ್ಟೆಮ್ ತೆಗೆದು 80 ಹಾಕಿದರೆ ಹ್ಯಾಂಡಲ್ ಎರಡು ಸೆಂ.ಮೀ. ಹತ್ತಿರ ಬರುತ್ತದೆ. ಅಲ್ಲಿಯವರೆಗೆ ತೊಂದರೆ ಇಲ್ಲ. ಇನ್ನೂ ಚಿಕ್ಕದು ಬೇಕು ಅನಿಸಿದರೆ ಆ ಫ್ರೇಮೇ ನಿಮ್ಮದಲ್ಲ, ಅದೂ ಅಲ್ಲದೆ ಇಳಿಜಾರಲ್ಲಿ ಹ್ಯಾಂಡಲ್ ತೀರಾ ಚುರುಕು ಅನಿಸುತ್ತದೆ. ದೊಡ್ಡ ಸೈಜಿನ ಜೊತೆ ಬೇರೆಯವೂ ಬರುತ್ತವೆ. ಸಾಮಾನ್ಯವಾಗಿ 54ರಲ್ಲಿ ಹ್ಯಾಂಡಲ್ ಅಗಲ 42 ಸೆಂ.ಮೀ., ಕ್ರ್ಯಾಂಕ್ 172.5 ಮಿ.ಮೀ. ಕೊಡುತ್ತಾರೆ, 52ರಲ್ಲಿ 40 ಮತ್ತು 170. ಭುಜದ ಎರಡೂ ತುದಿಯ ಮೂಳೆಗಳ ನಡುವೆ ಟೇಪ್ ಹಿಡಿಸಿ ಅಳತೆ ತೆಗೆಯಿರಿ. 40ರ ಆಸುಪಾಸು ಬಂದರೆ 42 ಹ್ಯಾಂಡಲ್ ಯಾಕೆ ಬೇಕು.

ನನ್ನ ಓಟು 52ಕ್ಕೆ, ಕಾಯಿರಿ. ಇಷ್ಟು ದಿನ ಕಾದಿದ್ದೀರಿ, ಡಿಸ್ಕೌಂಟ್ ನೋಡಿ ತಪ್ಪು ಸೈಜ್ ತಂದರೆ ಆ ಉಳಿತಾಯ ಸ್ಟೆಮ್, ಹ್ಯಾಂಡಲ್, ಕ್ರ್ಯಾಂಕ್ ಬದಲಾಯಿಸುವುದಕ್ಕೇ ಹೋಗುತ್ತದೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೇ ಸ್ಟಾಕಿನ ಬೆಲೆ ತೋರಿಸಿ ‘ಡಿಸ್ಕೌಂಟ್’ ಅಂದರೆ ಅದರಲ್ಲಿ ತೆರಿಗೆ ಇಳಿದದ್ದು ಎಷ್ಟು, ಅವರು ಬಿಟ್ಟಿದ್ದು ಎಷ್ಟು ಅಂತ ಬಿಲ್ ಹಿಡಿದು ಕೇಳಿ.


ಕೈಮರ ಏರು:

ಸೈಜ್ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಆದರೆ ಗುರುಗಳೇ, ಮುಳ್ಳಯ್ಯನಗಿರಿ ಅಂದಿರಿ, ಗೇರ್ ಬಗ್ಗೆ ಒಂದು ಮಾತೂ ಇಲ್ಲವಲ್ಲ!

ಚಿಕ್ಕಮಗಳೂರು ಪೇಟೆಯೇ ಸುಮಾರು 1090 ಮೀಟರ್ ಎತ್ತರದಲ್ಲಿದೆ, ಗಿರಿ 1930 ಮೀಟರ್. ಅಂದರೆ ಸುಮಾರು 20 ಕಿ.ಮೀ. ಒಳಗೆ 800 ಮೀಟರಿಗಿಂತ ಜಾಸ್ತಿ ಏರಬೇಕು. ಆ ಏರು ಸಮನಾಗಿ ಹಂಚಿಕೊಂಡಿಲ್ಲ, ಕೈಮರದವರೆಗೆ ಆರಾಮ, ಅಲ್ಲಿಂದ ಮೇಲೆ ತೋಟದ ನಡುವೆ ತಿರುವು ಶುರುವಾದ ಮೇಲೆ ಅಸಲಿ ಆಟ, ಸೀತಾಳಯ್ಯನಗಿರಿ ದಾಟಿದ ಮೇಲಂತೂ ರಸ್ತೆ ಕಿರಿದು, ಶನಿವಾರ ಭಾನುವಾರ ಕಾರು ಜೀಪುಗಳ ಸಾಲು ಬೇರೆ, ನಿಂತರೆ ಮತ್ತೆ ಹತ್ತಿ ಪೆಡಲ್ ಮಾಡುವುದಕ್ಕೂ ಜಾಗ ಸಿಗುವುದಿಲ್ಲ.

ರೇಸ್ ಮಾಡೆಲ್ ಅಂದರೆ ಗೇರ್ ಚಕ್ರದ ಹಲ್ಲುಗಳ ಲೆಕ್ಕದಲ್ಲಿ ಮುಂದೆ 52/36, ಹಿಂದೆ 11-28 ಇರುವ ಸಾಧ್ಯತೆ ಇದೆ. ಅದು ಹುಡುಗರಿಗೆ. ನೀವು ಮುಂದೆ 50/34, ಹಿಂದೆ 11-34 ಇರುವುದನ್ನೇ ಕೇಳಿ. ಲೆಕ್ಕ ಹೀಗಿದೆ. ಮುಂದೆ 34, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಚಿಲ್ಲರೆ ವೇಗ. ಹಿಂದೆ 28 ಇದ್ದರೆ ಅದೇ 60 ಸುತ್ತಿಗೆ 9 ಕಿ.ಮೀ. ದಾಟಿ ಹೋಗಬೇಕು. ಕೇಳುವುದಕ್ಕೆ ಒಂದೂವರೆ ಕಿ.ಮೀ. ವ್ಯತ್ಯಾಸ. ಆದರೆ ಹತ್ತು ಪರ್ಸೆಂಟ್ ಏರಲ್ಲಿ ಅಷ್ಟು ವೇಗ ಎಳೆಯಲು ಕಾಲಲ್ಲಿ ಕಸುವು ಇಲ್ಲದಿದ್ದರೆ ಸುತ್ತು 60ರಿಂದ 45ಕ್ಕೆ ಬೀಳುತ್ತದೆ, ಆಮೇಲೆ ಎಲ್ಲ ಭಾರ ಮಂಡಿ ಮೇಲೆ.

ಆಮೇಲೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಬದಲಾಯಿಸುತ್ತೇನೆ ಅಂದುಕೊಳ್ಳಬೇಡಿ. 28ಕ್ಕೆ ಇರುವ ಗಿಡ್ಡ ಕೇಜಿನ ಡಿರೈಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) 34ನ್ನು ತಡೆದುಕೊಳ್ಳದೇ ಇರಬಹುದು, ಡಿರೈಲರ್, ಚೈನ್ ಎಲ್ಲ ಹೊಸದು ಹಾಕಬೇಕಾದೀತು. ಅಂಗಡಿಯಲ್ಲೇ ಕೇಳಿ ತಗೊಳ್ಳಿ.

ಡಿಸ್ಕ್ ಬ್ರೇಕ್ ಇರಲಿ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಇಲ್ಲ. ಒದ್ದೆ ರಿಮ್ ಮೇಲೆ ರಿಮ್ ಬ್ರೇಕ್ ಹಿಡಿಯಲು ಒಂದು ಕ್ಷಣ ತಡ ಮಾಡುತ್ತದೆ. ಆ ಕ್ಷಣದಲ್ಲಿ ತಿರುವು ಬಂದಿರುತ್ತದೆ. ಟಯರ್ ಅಗಲ ಕನಿಷ್ಠ 28 ಮಿ.ಮೀ., 32 ಹಿಡಿಯುವ ಫ್ರೇಮ್ ಆದರೆ ಇನ್ನೂ ಒಳ್ಳೆಯದು. ಟಯರ್ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಗಾಳಿ, ಅಷ್ಟು ತುಂಬಬೇಕು ಅಂತ ಅರ್ಥ ಅಲ್ಲ. ನಿಮ್ಮ ತೂಕಕ್ಕೆ 28ರಲ್ಲಿ 70 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ, ಹಿಂದಿನದಕ್ಕೆ ಸ್ವಲ್ಪ ಜಾಸ್ತಿ.


ಬಿಎಂ ರೋಡ್ ಬಾಸ್:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ತಂದೆ ಒಂದೇ ಅಟ್ಲಾಸ್ ಸೈಕಲಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಜೀವನ ಪೂರ್ತಿ ಓಡಾಡಿದರು, ಯಾವ ಫಿಟ್ಟಿಂಗೂ ಇರಲಿಲ್ಲ. ಸೆಕೆಂಡ್ ಹ್ಯಾಂಡಲ್ಲಿ ಕಾರ್ಬನ್ ಬೈಕೇ ನಿಮ್ಮ ಬಜೆಟ್ಟಿಗೆ ಬರುತ್ತದೆ. ಅದನ್ನು ತಗೊಳ್ಳಿ, ಸೀಟ್ ಮೇಲೆ ಕೆಳಗೆ ಮಾಡಿದರೆ ಮುಗಿಯಿತು.


ಹಿರೇಕೊಳಲೆ ರೈಡರ್:

ಬಾಸ್ ಅವರೇ, ಅಟ್ಲಾಸ್ ಮೇಲೆ ನೆಟ್ಟಗೆ ಕೂರುತ್ತಿದ್ದರು. ಭಾರ ಎಲ್ಲ ಸೀಟಿನ ಮೇಲೆ. ರೋಡ್ ಬೈಕಲ್ಲಿ ಭಾರ ಕೈ, ಕಾಲು, ಸೀಟು ಮೂರಕ್ಕೂ ಹಂಚಿರುತ್ತದೆ, ಗಂಟೆಗಟ್ಟಲೆ ಒಂದೇ ಭಂಗಿ, ಗಂಟೆಗೆ ಐದು ಸಾವಿರ ಸಲದ ಹತ್ತಿರ ಮಂಡಿ ಮಡಚಿ ಬಿಚ್ಚುತ್ತದೆ. ಐದು ಮಿ.ಮೀ. ತಪ್ಪಿದ್ದರೂ 200 ಕಿ.ಮೀ. ಹೊತ್ತಿಗೆ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರಿಗೆ: ನಾನು ಫಿಸಿಯೋಥೆರಪಿ ಓದಿದವಳು, ಸೈಕಲ್ ಓಡಿಸುವವಳು ಕೂಡ. ದುಡ್ಡು ಕೊಟ್ಟು ಫಿಟ್ ಮಾಡಿಸುವುದು ಶೋಕಿ ಅಲ್ಲ, ಆದರೆ ಮೊದಲ ದಿನವೇ ಬೇಡ. ಸೈಜ್ ಸರಿ ಇರುವ ಬೈಕ್ ತಂದು, ಮನೆಯಲ್ಲಿ ಮಾಡಿಕೊಳ್ಳಬಹುದಾದಷ್ಟು ಮಾಡಿಕೊಂಡು, ಒಂದೆರಡು ತಿಂಗಳು ಓಡಿಸಿ. ದೇಹ ಹೊಂದಿಕೊಳ್ಳಲಿ. ಆಮೇಲೂ ನೋವಿದ್ದರೆ ಫಿಟ್ಟರ್ ಹತ್ತಿರ ಹೋಗಿ. ಮೊದಲೇ ಮಂಡಿ ಅಥವಾ ಸೊಂಟದ ತೊಂದರೆ ಇದ್ದವರ ಮಾತು ಬೇರೆ, ಅವರು ಕೊಳ್ಳುವ ಮೊದಲೇ ಹೋಗಬೇಕು, ಯಾವ ಫ್ರೇಮ್ ಕೊಳ್ಳಬೇಕು ಅನ್ನುವುದನ್ನೂ ಫಿಟ್ಟರೇ ಹೇಳುತ್ತಾರೆ.

ಸೀಟ್ ಎತ್ತರಕ್ಕೆ ಒಂದು ಹಳೇ ಲೆಕ್ಕ ಇದೆ, ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸುವುದು. ನಿಮ್ಮ 79ಕ್ಕೆ 69.8 ಸೆಂ.ಮೀ. ಬರುತ್ತದೆ. ಕ್ರ್ಯಾಂಕ್ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಬೇಕು. ಇದು ಶುರು ಮಾಡುವುದಕ್ಕೆ ಮಾತ್ರ. ಗೋಡೆ ಹಿಡಿದು ಸೀಟಿನ ಮೇಲೆ ಕೂತು ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟು ನೋಡಿ, ಕಾಲು ನೆಟ್ಟಗಾಗಬೇಕು. ಓಡಿಸುವಾಗ ಹೆಬ್ಬೆರಳ ಬುಡದಿಂದ ತುಳಿದರೆ ಮಂಡಿ ಸ್ವಲ್ಪ ಮಡಚಿಕೊಂಡಿರುತ್ತದೆ, ಆ ಮಡಿಕೆ 25ರಿಂದ 35 ಡಿಗ್ರಿ ಒಳಗಿದ್ದರೆ ಸರಿ. ಮನೆಯವರ ಕೈಲಿ ಫೋನ್ ಕೊಟ್ಟು ಪಕ್ಕದಿಂದ, ಹಿಂದಿನಿಂದ ವಿಡಿಯೋ ಮಾಡಿಸಿ. ಹಿಂದಿನಿಂದ ನೋಡಿದಾಗ ಸೊಂಟ ಆ ಕಡೆ ಈ ಕಡೆ ಓಲಾಡಿದರೆ ಸೀಟ್ ಜಾಸ್ತಿ ಎತ್ತರ ಆಯಿತು. ಸೀಟ್ ಪೋಸ್ಟ್ (ಸೀಟ್ ಹಿಡಿದಿರುವ ಕೊಳವೆ) ಮೇಲಿನ ಮಿತಿಯ ಗೆರೆ ದಾಟಿ ಮಾತ್ರ ಮೇಲಕ್ಕೆ ಎಳೆಯಬೇಡಿ.

ಸೀಟ್ ಸಮತಟ್ಟಾಗಿದೆಯಾ ಅಂತ ನೋಡಲು ಗಾರೆ ಕೆಲಸದವರ ರಸಮಟ್ಟ ಸಾಕು. ಸೀಟನ್ನು ಹಿಂದೆ ಮುಂದೆ ಸರಿಸುವುದು ಮಂಡಿಗೋಸ್ಕರ, ಹ್ಯಾಂಡಲ್ ಹತ್ತಿರ ಆಗಲಿ ಅಂತ ಅಲ್ಲ. ಪೆಡಲ್ ಮುಂದಕ್ಕೆ ಅಡ್ಡ ನಿಂತಾಗ ಮಂಡಿಚಿಪ್ಪಿನ ಕೆಳಗಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡಿ, ಹೆಚ್ಚು ಕಡಿಮೆ ಪೆಡಲ್ ಆಕ್ಸಲ್ ಮೇಲೆ ಬಂದರೆ ಅಲ್ಲಿಂದ ಶುರು ಮಾಡಬಹುದು. ಹ್ಯಾಂಡಲ್ ದೂರ ಅನಿಸಿದರೆ ಸ್ಟೆಮ್ ಬದಲಾಯಿಸಿ.

ನೋವು ಎಲ್ಲಿ ಅನ್ನುವುದರಿಂದಲೂ ಸುಮಾರು ತಿಳಿಯುತ್ತದೆ. ಮಂಡಿಯ ಮುಂಭಾಗ ನೋವು ಬಂದರೆ ಸಾಮಾನ್ಯವಾಗಿ ಸೀಟ್ ಗಿಡ್ಡ, ಹಿಂಭಾಗ ನೋವು ಬಂದರೆ ಎತ್ತರ. ಅಂಗೈ ಜೋಮು ಹಿಡಿದರೆ ಭಾರ ಮುಂದೆ ಬೀಳುತ್ತಿದೆ, ಮೊದಲು ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಮೂರರಿಂದ ಐದು ಮಿ.ಮೀ. ಮೊದಲಿದ್ದ ಜಾಗಕ್ಕೆ ಟೇಪ್ ಅಂಟಿಸಿ. ಮೂರು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ವಾಸಿಯಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹೆಂಗಸರು ಯಾರಾದರೂ ಓದುತ್ತಿದ್ದರೆ: ಬೈಕ್ ಜೊತೆ ಬರುವ ಸೀಟನ್ನೇ ಸಹಿಸಿಕೊಳ್ಳಬೇಕಿಲ್ಲ. ರಟ್ಟಿನ ಪೆಟ್ಟಿಗೆಯ ತುಂಡಿನ ಮೇಲೆ ಸ್ವಲ್ಪ ಹೊತ್ತು ಕೂತು, ಎರಡು ಮೂಳೆ ಒತ್ತಿದ ಗುರುತಿನ ನಡುವಿನ ಅಂತರ ಅಳೆದು, ಆ ಲೆಕ್ಕಕ್ಕೆ ಅಗಲದ ಸೀಟ್ ತಗೊಳ್ಳಿ. ಕೈ ಚಿಕ್ಕದಿದ್ದರೆ ಬ್ರೇಕ್ ಲಿವರನ್ನು ಹ್ಯಾಂಡಲ್ ಹತ್ತಿರ ತರುವ ಸ್ಕ್ರೂ ಸಾಮಾನ್ಯವಾಗಿ ಲಿವರಲ್ಲೇ ಇರುತ್ತದೆ, ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.


ತಣ್ಣೀರುಹಳ್ಳ ಸವಾರ:

ಸೆಕೆಂಡ್ ಹ್ಯಾಂಡ್ ಕಾರ್ಬನ್ ಬಗ್ಗೆ ಎರಡು ಮಾತು. ಬಿರುಕು ಪೇಂಟ್ ಕೆಳಗೆ ಅಡಗಿರಬಹುದು, ಅದು ಒಂದು. ಎರಡನೆಯದು ಜಾಸ್ತಿ ಜನ ನೋಡುವುದೇ ಇಲ್ಲ, ಫೋರ್ಕಿನ ಸ್ಟಿಯರರ್ ಕೊಳವೆ (ಹೆಡ್ ಟ್ಯೂಬ್ ಒಳಗಿಂದ ಮೇಲೆ ಬಂದು ಸ್ಟೆಮ್ ಹಿಡಿದಿರುವುದು). ಹಿಂದಿನ ಮಾಲೀಕ ಬಗ್ಗಿ ಓಡಿಸುವವನಾಗಿದ್ದರೆ ಅದನ್ನು ಗಿಡ್ಡಕ್ಕೆ ಕತ್ತರಿಸಿರುತ್ತಾನೆ. ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲು ಆಗುವುದಿಲ್ಲ. ಸ್ಟೆಮ್ ಕೆಳಗೆ ಸ್ಪೇಸರ್ (ಬಳೆಯಂಥ ತುಂಡು) ಹಾಕಿ ಹ್ಯಾಂಡಲ್ ಎತ್ತುವ ದಾರಿ ಅಲ್ಲಿಗೆ ಮುಚ್ಚಿತು.

ಹೊಸದರಲ್ಲೂ ಇದೇ. ಡೆಲಿವರಿ ದಿನ ‘ನೀಟಾಗಿ ಕಾಣಲಿ’ ಅಂತ ಸ್ಟಿಯರರ್ ಕತ್ತರಿಸಲು ಬಿಡಬೇಡಿ. ಸ್ಪೇಸರ್ ಎಲ್ಲ ಸ್ಟೆಮ್ ಕೆಳಗೇ ಇರಲಿ, ಬೆನ್ನು ಪಳಗಿದ ಮೇಲೆ ಒಂದೊಂದೇ ಸ್ಟೆಮ್ ಮೇಲಕ್ಕೆ ಹಾಕಿ ಹ್ಯಾಂಡಲ್ ಇಳಿಸಿಕೊಳ್ಳಬಹುದು.


ಗೊರೂರು ಪೆಡಲ್:

ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ತೆಗೆದು ನೋಡಿದೆ, ರೇಸ್ 54ಕ್ಕಿಂತ ಎಂಡ್ಯೂರೆನ್ಸ್ 52ರ ಸ್ಟ್ಯಾಕೇ ಜಾಸ್ತಿ ಇದೆ. ಭುಜ 40. ಗೇರ್ 50/34, ಹಿಂದೆ 11-34. ಡಿಸ್ಕೌಂಟ್ ಬಿಟ್ಟೆ, 52 ಆರ್ಡರ್ ಹಾಕುತ್ತೇನೆ. ಬಂದ ಮೇಲೆ ರೈಲಲ್ಲಿ ಹೋಗಿ ಓಡಿಸಿ ನೋಡಿ ತರುವುದು ಅಂತ ಯೋಚನೆ. ಹೋಗುವಾಗ ಏನಾದರೂ ತಗೊಂಡು ಹೋಗಬೇಕಾ?


ಹಿರೇಕೊಳಲೆ ರೈಡರ್:

ಓಡಿಸುವಾಗ ಹಾಕುವ ಶೂ ಮತ್ತು ಪ್ಯಾಡ್ ಇರುವ ಚಡ್ಡಿ ಹಾಕಿಕೊಂಡೇ ಕೂತು ನೋಡಿ, ಜೀನ್ಸ್ ಚಪ್ಪಲಿಯಲ್ಲಿ ಸೀಟ್ ಎತ್ತರ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಹೆಚ್ಚಿನ ರೋಡ್ ಬೈಕಿಗೆ ಪೆಡಲ್ ಜೊತೆಯಲ್ಲಿ ಕೊಡುವುದಿಲ್ಲ, ಹೈಬ್ರಿಡ್‌ನದೇ ಬಿಚ್ಚಿ ತಗೊಂಡು ಹೋಗಿ. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.