ಕೊನೆ ಕೊಯ್ಯುವ ಆಟಕ್ಕೆ ಕೊನೆ ಯಾವಾಗ?

ಶಿರಸಿ ಕಡೆಯ ಮಳೆಗಾಲ ಗೊತ್ತಲ್ಲ, ಕರೆಂಟು ಹೋದರೆ ಯಾಕೆ ಹೋಯ್ತು ಅಂತ ಯಾರೂ ಕೇಳುವುದಿಲ್ಲ, ಬಂದರೆ ಮಾತ್ರ ಆಶ್ಚರ್ಯ. ಮೊನ್ನೆ ಅಂಥದ್ದೇ ಒಂದು ಸಂಜೆ ಭಾವನ ಮನೆ ಜಗಲಿಯಲ್ಲಿ ನಾಲ್ಕು ಜನ ಕವಳದ ಬಟ್ಟಲು ನಡುವೆ ಇಟ್ಟುಕೊಂಡು ಕೂತಿದ್ದೆವು. ಭಾವನಿಗೆ ಅಡಿಕೆಗೆ ಕೊಳೆ ರೋಗ ಬರುವ ಚಿಂತೆ. ಮಾಸ್ತರಿಗೆ ಯಕ್ಷಗಾನದ ಚಿಂತೆ. ನನಗೆ ಕವಳಕ್ಕೆ ಸುಣ್ಣ ಜಾಸ್ತಿಯಾದ ಚಿಂತೆ. ಮಾಣಿಗೆ ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಪರ್ಸೆಂಟ್ ಬ್ಯಾಟರಿ ಉಳಿದ ಚಿಂತೆ.

ಮಾಣಿ ಅಂದರೆ ಭಾವನ ತಮ್ಮನ ಮಗ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ವರ್ಷ ಆಯ್ತು, ಒಬ್ಬನೇ ಕೂತು ಒಂದು ವಿಡಿಯೊ ಗೇಮ್ ಮಾಡುತ್ತಿದ್ದಾನೆ. ಹೆಸರು 'ಕೊನೆಗೌಡ', ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವ. ಅಡಿಕೆ ಮರ ಹತ್ತಬೇಕು, ಕೊನೆ ಕೊಯ್ಯಬೇಕು, ಕೆಳಗಿಳಿಯದೆ ಮರವನ್ನೇ ತೂಗಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟಬೇಕು. ಅಷ್ಟೇ ಆಟ. ಕೇಳಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಆಡಿದವರು ಯಾರೂ ಇಲ್ಲ, ಮುಗಿದರೆ ತಾನೇ ಆಡುವುದು.

"ಎಲ್ಲಿಗೆ ಬಂತೋ?" ಭಾವ ಕೇಳಿದ.

"ಟೋಪಿ ಮುಗೀತು ದೊಡ್ಡಪ್ಪ."

"ಎರಡು ವರ್ಷಕ್ಕೆ ಒಂದು ಟೋಪಿ!"

ಮಾಣಿಗೆ ಸಿಟ್ಟು ಬಂತು. ಗೌಡ ಇಡೀ ನಿಂತರೆ 32 ಪಿಕ್ಸೆಲ್ ಎತ್ತರ, ಅದರಲ್ಲಿ ಅಡಿಕೆ ಹಾಳೆಯ ಟೋಪಿಗೆ ಸಿಗುವುದು ಐದು. ಒಂದು ಚುಕ್ಕಿ ಆಚೆ ಇಟ್ಟರೆ ಹೋಟೆಲ್ ಭಟ್ಟರ ಟೋಪಿ, ಈಚೆ ಇಟ್ಟರೆ ಬೈಕ್ ಹೆಲ್ಮೆಟ್. ಒಂದು ಮರದಿಂದ ಇನ್ನೊಂದಕ್ಕೆ ದಾಟುವುದಕ್ಕೆ ಎಂಟು ಚಿತ್ರ ಬಿಡಿಸಬೇಕು, ಎಂಟರಲ್ಲೂ ಟೋಪಿಯ ಓರೆ ಬೇರೆ. ಒಂದರಲ್ಲಿ ತಪ್ಪಿದರೆ ಗೌಡ ದಾಟಿಬಿಡುತ್ತಾನೆ, ಟೋಪಿ ಹಿಂದಿನ ಮರದಲ್ಲೇ ಉಳಿಯುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ, ಗಾಳಿಯಲ್ಲಿ ಒಂಟಿ ಟೋಪಿ.

ಇವನ ರೋಗ ನನಗೆ ಗೊತ್ತು. ಕಂಪ್ಯೂಟರ್ ಕೋಡು ಕೈಕೊಟ್ಟ ದಿನ ಚಿತ್ರ ಬಿಡಿಸುತ್ತಾನೆ. ಚಿತ್ರ ಬೇಜಾರಾದರೆ ಸಂಗೀತ. ಸಂಗೀತ ಕೂಡಿಬರದಿದ್ದರೆ ವಾಪಸ್ ಕೋಡು. ಒಂದರಿಂದ ತಪ್ಪಿಸಿಕೊಳ್ಳುವುದಕ್ಕೆ ಇನ್ನೆರಡು ಕೆಲಸ ಸದಾ ತಯಾರಿರುತ್ತವೆ, ಇಷ್ಟು ದುಡಿದು ಸೋಮಾರಿಯಾದವನನ್ನು ನಾನು ಬೇರೆಲ್ಲೂ ನೋಡಿಲ್ಲ.

"ಭಾಗವತನೂ ನೀನೇ, ಚಂಡೆಯವನೂ ನೀನೇ, ವೇಷವೂ ನೀನೇ" ಅಂದರು ಮಾಸ್ತರು. "ನೀನು ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಬರುವ ತನಕ ರಂಗದಲ್ಲಿ ಪದ ಹೇಳೋದು ಯಾರೋ?"

"ಒಬ್ಬನೇ ಮಾಡಿದವರು ಇದ್ದಾರೆ ಮಾಸ್ತರೇ. ಅಮೆರಿಕದಲ್ಲಿ ಎರಿಕ್ ಬರೋನ್ ಅಂತ, ಸ್ಟಾರ್‌ಡ್ಯೂ ವ್ಯಾಲಿ ಮಾಡಿದವ. ಕೋಡು, ಚಿತ್ರ, ಸಂಗೀತ ಎಲ್ಲಾ ಅವನೇ. ನಾಲ್ಕೂವರೆ ವರ್ಷ ಹಿಡೀತು, 2016ರಲ್ಲಿ ಬಂತು, ಕೋಟಿ ಪ್ರತಿ ದಾಟಿ ಮಾರಿತು."

"ಎಂತ ಆಟ ಅದು?"

"ತೋಟ ಮಾಡೋದು. ಬೀಜ ಹಾಕಬೇಕು, ನೀರು ಬಿಡಬೇಕು, ಬೆಳೆ ಕೊಯ್ದು ಮಾರಬೇಕು."

ಭಾವ ಎದ್ದು ಹೋಗಿ ಅಂಗಳಕ್ಕೆ ಕವಳ ತುಪ್ಪಿ ಬಂದ. "ಇದನ್ನ ದುಡ್ಡು ಕೊಟ್ಟು ಮಾಡ್ತಾರಾ?"

"ಹೂಂ."

"ಅವರಲ್ಲಿ ನಾಲ್ಕು ಜನರನ್ನ ಇಲ್ಲಿಗೆ ಕಳಿಸೋಕೆ ಆಗ್ತದಾ ನೋಡು ಮಾರಾಯ. ಊಟ ನಮ್ಮದೇ."

ಮಾರುವ ವಿಷಯ ಬಂದದ್ದೇ ಭಾವನಿಗೆ ಹುರುಪು. ಸ್ಟೀಮ್ ಅನ್ನುವ ಆಟ ಮಾರುವ ಆನ್‌ಲೈನ್ ಅಂಗಡಿಯಲ್ಲಿ ಇಡುವುದಕ್ಕೆ ಆಟಕ್ಕೆ 100 ಡಾಲರ್ ಕಟ್ಟಬೇಕು, 1000 ಡಾಲರ್ ವ್ಯಾಪಾರ ಆದಮೇಲೆ ಅದು ವಾಪಸ್, ಮಾರಿದ್ದರಲ್ಲಿ ಸಾಮಾನ್ಯವಾಗಿ 30 ಪರ್ಸೆಂಟ್ ಅವರಿಗೆ ಅಂತ ಮಾಣಿ ವಿವರಿಸಿದ. "ಛೇ, ಅಡಿಕೆ ದಲಾಲಿಯೇ ವಾಸಿ" ಅಂದ ಭಾವ.

ಚಂಡೆಯ ಕತೆ ಹೇಳದೆ ಬಿಟ್ಟರೆ ಮಾಸ್ತರು ನನ್ನನ್ನು ಸುಮ್ನೆ ಬಿಡುವುದಿಲ್ಲ. ಹೋದ ವರ್ಷ ಇದೇ ಜಗಲಿಯಲ್ಲಿ ಅವರ ಚಂಡೆಯನ್ನು ಫೋನಿನಲ್ಲಿ ಹಿಡಿದು, ಒಂದು ತುಂಡು ಕತ್ತರಿಸಿ, ಮುಗಿದ ಕೂಡಲೇ ಮೊದಲಿಂದ ಬರುವ ಹಾಗೆ ಮಾಣಿ ಆಟಕ್ಕೆ ಕೂರಿಸಿದ್ದ. ಮಾಸ್ತರು ಕೇಳಿ ಮುಖ ಕಿವುಚಿದರು. "ತಿರುಗಿ ಬರುವಲ್ಲಿ ತಾಳ ತಪ್ಪಿದೆ."

"ನೀವೇ ಬಾರಿಸಿದ್ದಲ್ವಾ?" ಅಂದುಬಿಟ್ಟ ಮಾಣಿ. ಮೂರು ದಿನ ಇಬ್ಬರಿಗೂ ಮಾತಿಲ್ಲ. ನಾಲ್ಕನೇ ದಿನ ಮಾಣಿ ಆ ಧ್ವನಿಯ ಗೆರೆಯನ್ನು ದೊಡ್ಡದು ಮಾಡಿ ನೋಡಿದರೆ, ಶುರುವಿನಲ್ಲಿ ಒಂಚೂರು ಖಾಲಿ. ಎಂಪಿ3 ಮಾಡುವಾಗ ಹಿಂದೆ ಮುಂದೆ ಸ್ವಲ್ಪ ಮೌನ ಸೇರಿಕೊಳ್ಳುತ್ತದಂತೆ, ಸೆಕೆಂಡಿನ ಹತ್ತನೇ ಒಂದು ಪಾಲೂ ಇಲ್ಲ. ಹಾಡು ಕೇಳುವವನಿಗೆ ಗೊತ್ತೇ ಆಗುವುದಿಲ್ಲ, ಆದರೆ ಸುತ್ತಿ ಸುತ್ತಿ ಬರುವ ಚಂಡೆ ಪ್ರತಿ ಸುತ್ತಿಗೂ ಅಲ್ಲೇ ಎಡವುತ್ತದೆ. ಫೋನಿನ ಮೂಲ ಧ್ವನಿಯಿಂದಲೇ ಓಜಿಜಿ ಅನ್ನುವ ಬೇರೆ ಥರದ ಫೈಲ್ ಮಾಡಿದ ಮೇಲೆ ಸರಿಹೋಯ್ತು. ಹಿಂದೆ ತಗಡಿನ ಮೇಲೆ ಸುರಿವ ಮಳೆಯ ಸದ್ದು ಎಷ್ಟು ತೊಳೆದರೂ ಹೋಗಲಿಲ್ಲ, ಹಾಗಾಗಿ ಆಟದಲ್ಲೂ ಮಳೆ ಬರಿಸಿಬಿಟ್ಟ. ಮಾಸ್ತರು ಇವತ್ತಿಗೂ ಕಂಪ್ಯೂಟರ್ ಮುಟ್ಟಿದವರಲ್ಲ, ಆದರೆ ಸಿಕ್ಕಿದವರಿಗೆಲ್ಲ ಕಂಪ್ಯೂಟರಿಗೆ ತಾಳ ಕಲಿಸಿದ್ದು ನಾನು ಅನ್ನುತ್ತಾರೆ.

ಬ್ಯಾಟರಿ ನಾಲ್ಕಕ್ಕೆ ಬಂದಿತ್ತು. "ತೋರಿಸು ನೋಡುವ" ಅಂತ ಭಾವ ಕನ್ನಡಕ ಹಾಕಿಕೊಂಡ. ಗೌಡ ಹತ್ತಿದ, ಕೊನೆ ಕೊಯ್ದ, ಕೊನೆ ದಪ್ಪನೆ ನೆಲಕ್ಕೆ ಬಿತ್ತು, ಟಿಂಗ್ ಅಂತ ಹತ್ತು ಪಾಯಿಂಟು. ಟೋಪಿ ಸಮೇತ ಆಚೆ ಮರಕ್ಕೆ ದಾಟಿದ. ನನಗಂತೂ ಖುಷಿಯಾಯ್ತು.

ಭಾವನ ಹುಬ್ಬು ಗಂಟಾಯ್ತು. "ಹಾಗೇ ಕೆಳಗೆ ಹಾಕ್ತಾನಾ? ಅಡಿಕೆ ಎಲ್ಲಾ ಉದುರಿ ಚೆಲ್ಲಿ ಹೋಗ್ತದಲ್ಲೋ! ಹಗ್ಗದಲ್ಲಿ ಜಾರಿಸಿ ಬಿಡಬೇಕು. ಕೆಳಗೆ ಹಗ್ಗ ಹಿಡಿದು ನಿಲ್ಲುವವ ಎಲ್ಲಿ?"

ಜಗಲಿಯಲ್ಲಿ ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ಮಾಣಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಇನ್ನೊಬ್ಬ ಮನುಷ್ಯ ಬೇಕು. ಲ್ಯಾಪ್‌ಟಾಪ್ ಅಷ್ಟೊತ್ತಿಗೆ ಕಣ್ಣು ಮುಚ್ಚಿತು.

"ನಾಳೆ ಮಳೆ ಹೊಳವಾದರೆ ಗೌಡ ಮದ್ದು ಹೊಡೆಯೋಕೆ ಬರ್ತಾನೆ" ಅಂದ ಭಾವ. "ಕೆಳಗೆ ಪೈಪು ಎಳೆಯೋಕೆ ಜನ ಇಲ್ಲ. ನೀನೇ ಬಾ. ಕೆಳಗೆ ನಿಂತವ ಹೇಗಿರ್ತಾನೆ ಅಂತ ನಿನಗೂ ಗೊತ್ತಾಗ್ತದೆ."

ಮಾಣಿ ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದ. "ದೊಡ್ಡಪ್ಪ, ಕೆಳಗೆ ನಿಂತವನಿಗೆ ಟೋಪಿ ಇರ್ತದಾ?"

"ಮೈಲುತುತ್ತ ತಲೆ ಮೇಲೇ ಬೀಳ್ತದೆ ಮಾರಾಯ. ಟೋಪಿ ಇಲ್ಲದೆ ಆಗ್ತದಾ?"