ಅಪ್‌ಡೇಟ್: ಅಮ್ಮನ ಐಎನ್‌ಆರ್ ಕೊನೆಗೂ ಹತೋಟಿಗೆ ಬಂತು

ನೆನಪಿಲ್ಲದವರಿಗೆ: ಅಮ್ಮನಿಗೆ ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ವಾಲ್ವ್ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆ ತಗೋತಾರೆ. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ನಿಧಾನ ಅಂತ ತೋರಿಸೋ ರಕ್ತಪರೀಕ್ಷೆಯ ಅಂಕಿ, ತೀರಾ ಏರಿದರೆ ರಕ್ತಸ್ರಾವದ ಅಪಾಯ. ಹಲ್ಲಿನ ಕೀವಿಗೆ ಮೆಟ್ರೋನಿಡಜೋಲ್ ಅನ್ನೋ ಆಂಟಿಬಯಾಟಿಕ್ ಶುರುವಾದಾಗ ಏನು ಎಚ್ಚರ ಬೇಕು ಅಂತ ಇಲ್ಲಿ ಕೇಳಿದ್ದೆ. ವಾರ್ಫರಿನ್ ಜೊತೆ ಅದು ಸೇರಿದರೆ ಐಎನ್‌ಆರ್ ಏರುತ್ತೆ.

"ಮೂರ್ನಾಲ್ಕು ದಿನಕ್ಕೇ ಐಎನ್‌ಆರ್ ನೋಡಿಸಿ, ತಿಂಗಳ ಟೆಸ್ಟ್‌ಗೆ ಕಾಯಬೇಡಿ" ಅಂದವರಿಗೆ ದೊಡ್ಡ ನಮಸ್ಕಾರ. ಅಮ್ಮನಿಗೆ ಇರಬೇಕಾದದ್ದು 2.5ರಿಂದ 3.5, ಬಂದದ್ದು 5.2! ಅವತ್ತು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ನೀರೂ ಗುಲಾಬಿ ಬಣ್ಣಕ್ಕಿತ್ತು. ಹಾರ್ಟ್ ಡಾಕ್ಟರು ಒಂದು ಡೋಸ್ ಬಿಡಿಸಿ, ಆಂಟಿಬಯಾಟಿಕ್ ಮುಗಿಯೋವರೆಗೆ ವಾರ್ಫರಿನ್ ಕಡಿಮೆ ಮಾಡಿದರು. ಮುಗಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದರೆ ಐಎನ್‌ಆರ್ ಇಳಿಯೋಕೆ ಶುರುವಾಗಿತ್ತು, ಹಳೇ ಡೋಸ್‌ಗೆ ವಾಪಸ್ ತಂದರು. ಈ ಎರಡನೇ ಟೆಸ್ಟ್ ದಯವಿಟ್ಟು ತಪ್ಪಿಸಬೇಡಿ. ತೀರಾ ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟೋ ಅಪಾಯ.

ಸೊಪ್ಪು ಪೂರ್ತಿ ನಿಲ್ಲಿಸಿ ಅಂತ ಇಲ್ಲಿ ಬಂದಿದ್ದ ಸಲಹೆ ನಡೆಯಲಿಲ್ಲ. ಸೊಪ್ಪಿನಲ್ಲಿರೋ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತೆ, ಹಠಾತ್ತನೆ ಬಿಟ್ಟರೆ ಐಎನ್‌ಆರ್ ಇನ್ನೂ ಏರುತ್ತೆ ಅಂದರು ಡಾಕ್ಟರು. ದಂಟಿನ ಸೊಪ್ಪಿನ ಹುಳಿ ಎಂದಿನಷ್ಟೇ ಬಡಿಸ್ತಿದ್ದೀವಿ. ನೋವಿಗೆ ಐಬುಪ್ರೊಫೆನ್ ಬೇಡ ಅಂತ ಪ್ಯಾರಾಸಿಟಮಾಲ್ ಕೊಟ್ಟರು, ಅದೂ ಮಿತವಾಗಿ. ದಿನಗಟ್ಟಲೆ ನುಂಗಿದರೆ ಅದೂ ಐಎನ್‌ಆರ್ ಏರಿಸಬಹುದು.

ನನಗೆ ಆಶ್ಚರ್ಯವಾಗಿದ್ದು, ಬಾಯಿಯ ಫಂಗಸ್‌ಗೆ ಹಚ್ಚೋ ಮೈಕೊನಜೋಲ್ ಜೆಲ್ ಕೂಡ ಜೋರಾಗಿ ಏರಿಸುತ್ತೆ ಅನ್ನೋದು. ಟಿಬಿಗೆ ಕೊಡೋ ರಿಫಾಂಪಿಸಿನ್ ಉಲ್ಟಾ, ಇಳಿಸುತ್ತೆ.

ಮೊನ್ನೆಯ ರಿಪೋರ್ಟ್‌ನಲ್ಲಿ 2.9 ಇತ್ತು. ಒಸಡಿನ ರಕ್ತವೂ ನಿಂತಿದೆ.